ಬಾಡಿದ ಪ್ರಿಮ್‌ರೋಸ್ ಕಿತ್ತು ಬಿಸಾಡಬೇಕೇ?

ಪ್ರಶ್ನೆ: ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಫೆಬ್ರುವರಿಯಲ್ಲಿ ಸೂಪರ್‌ಮಾರ್ಕೆಟ್‌ನಿಂದ ಪ್ರಿಮ್‌ರೋಸ್ ತಂದು, ಹಿತ್ತಲಲ್ಲಿ ಒಳ್ಳೆ ಬಿಸಿಲು ಬೀಳುವ ಕಡೆ ನೆಟ್ಟೆ. ಏಪ್ರಿಲ್‌ವರೆಗೆ ಚೆನ್ನಾಗಿ ಹೂ ಬಿಟ್ಟಿತು. ಈಗ ಜೂನ್ ಕೊನೆ, ಎಲೆಗಳೆಲ್ಲ ಹಳದಿಯಾಗಿ ಮಲಗಿವೆ. ದಿನಾ ನೀರು ಹಾಕುತ್ತಿದ್ದೇನೆ. ಕಿತ್ತು ಬಿಸಾಡಲೇ? ಮೈಸೂರಿನಲ್ಲಿರುವ ಅಮ್ಮ ಬೀಜ ಕೇಳುತ್ತಿದ್ದಾರೆ, ಅಲ್ಲಿ ಬರುತ್ತದೆಯೇ?

ಉತ್ತರ: ದಯವಿಟ್ಟು ಬಿಸಾಡಬೇಡಿ. ಮೊದಲು ಗಿಡದ ಬುಡವನ್ನು ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಜೀವ ಇದೆ. ಮೆತ್ತಗಾಗಿ ಕೊಳೆತಿದ್ದರೆ ನೀರು ಜಾಸ್ತಿಯಾಗಿದೆ, ಆ ಗಿಡ ಉಳಿಯುವುದಿಲ್ಲ.

ಕಾಡಿನಲ್ಲಿ ಪ್ರಿಮ್‌ರೋಸ್ ಎಲ್ಲಿ ಬೆಳೆಯುತ್ತದೆ ಎಂದು ನೋಡಿದರೆ ನಿಮ್ಮ ಗಿಡದ ಕಷ್ಟ ಅರ್ಥವಾಗುತ್ತದೆ. ಚಳಿಗಾಲದಲ್ಲಿ ಎಲೆ ಉದುರಿಸುವ ಮರಗಳ ಕೆಳಗೆ, ಬೇಲಿಯ ಬದಿಯ ತೇವದ ದಿಬ್ಬದಲ್ಲಿ. ಮಾರ್ಚ್ ತಿಂಗಳಲ್ಲಿ ಮೇಲೆ ಬರೀ ಕೊಂಬೆಗಳು, ಬೆಳಕು ನೆಲಕ್ಕೆ ಬೀಳುತ್ತದೆ, ಆಗ ಹೂ ಬಿಡುತ್ತದೆ. ಮೇ ಹೊತ್ತಿಗೆ ಮರ ಚಿಗುರಿ ನೆರಳಾಗುತ್ತದೆ. ಅಂದರೆ ಇದಕ್ಕೆ ವಸಂತದಲ್ಲಿ ಬೆಳಕು, ಬೇಸಿಗೆಯಲ್ಲಿ ನೆರಳು ಬೇಕು. ಹೂವಿನ ಗಿಡ ಅಂದರೆ ಬಿಸಿಲು ಬೇಕೇ ಬೇಕು ಅನ್ನುವುದು ನಮ್ಮ ಚೆಂಡುಹೂವಿಗೆ ಸರಿ, ಇದಕ್ಕಲ್ಲ. ಸೆಕೆ ಹೆಚ್ಚಾದರೆ ಎಲೆ ಬಿಟ್ಟು ಸುಮ್ನೆ ಕೂರುತ್ತದೆ, ಮಳೆ ಬಿದ್ದ ಮೇಲೆ ಮತ್ತೆ ಚಿಗುರುತ್ತದೆ.

ಈಗಲೇ ಕೀಳಬೇಡಿ. ದಿನಾ ನೀರು ನಿಲ್ಲಿಸಿ, ಮಣ್ಣು ಒಣಗಿದಾಗ ಮಾತ್ರ ಬೇರಿಗೆ ಇಳಿಯುವಷ್ಟು ಹಾಕಿ. ಸೆಪ್ಟೆಂಬರ್‌ನಲ್ಲಿ ಸೇಬಿನ ಮರದ ಕೆಳಗೋ ಗುಲಾಬಿ ಪೊದೆಯ ನೆರಳಿಗೋ ಸಾಗಿಸಿ. ಜೇಡಿಮಣ್ಣಾದರೂ ಪರವಾಗಿಲ್ಲ, ಕೊಳೆತ ಎಲೆಗೊಬ್ಬರ ಬೆರೆಸಿ. ಎರಡು ಮೂರು ವರ್ಷಕ್ಕೊಮ್ಮೆ, ಹೂ ಮುಗಿದ ಮೇಲೆ ಬುಡ ಬಿಡಿಸಿ ಬೇರೆ ಬೇರೆ ನೆಟ್ಟರೆ ಗಿಡ ಹುರುಪಾಗಿರುತ್ತದೆ.

ಮೆಲ್ಲಗೆ ಎಳೆದರೆ ಬೇರೇ ಇಲ್ಲದೆ ಗಿಡ ಕೈಗೆ ಬಂತೇ? ಹಾಗಾದರೆ ಮಣ್ಣು ಕೆದಕಿ. ಕಂದು ತಲೆಯ, ಬಾಗಿದ ಬಿಳಿ ಹುಳ ಸಿಕ್ಕರೆ ಅದು ವೈನ್ ವೀವಿಲ್ ಎಂಬ ಜೀರುಂಡೆಯ ಮರಿ. ಅಲ್ಲಿನ ತೋಟಗಾರರಿಗೆ ದೊಡ್ಡ ತಲೆನೋವು ಇದೇ. ಇದನ್ನು ಕೊಲ್ಲುವ ನೆಮಟೋಡ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳು ಅಂಗಡಿಯಲ್ಲಿ ಸಿಗುತ್ತವೆ. ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್‌ನಲ್ಲಿ ನೀರಿಗೆ ಬೆರೆಸಿ ತೇವದ ಮಣ್ಣಿಗೆ ಹಾಕಿ.

ಸೂಪರ್‌ಮಾರ್ಕೆಟ್‌ನ ಬಣ್ಣಬಣ್ಣದ ಗಿಡಗಳನ್ನು ಗಾಜಿನ ಮನೆಯಲ್ಲಿ ಬೆಳೆಸಿರುತ್ತಾರೆ, ಎಲ್ಲವೂ ಹೊರಗಿನ ಚಳಿಗೆ ಬಾಳುವುದಿಲ್ಲ. ನನ್ನನ್ನು ಕೇಳಿದರೆ ತಿಳಿಹಳದಿಯ ಕಾಡು ಜಾತಿ, ಪ್ರಿಮ್ಯುಲಾ ವಲ್ಗ್ಯಾರಿಸ್, ಅದನ್ನೇ ನರ್ಸರಿಯಿಂದ ತನ್ನಿ. ಕಾಡಿನಿಂದ ಮಾತ್ರ ಕಿತ್ತು ತರಬೇಡಿ. ಜಮೀನಿನವರ ಒಪ್ಪಿಗೆ ಇಲ್ಲದೆ ಕಾಡುಗಿಡ ಬೇರುಸಮೇತ ಕೀಳುವುದು ಅಲ್ಲಿ 1981ರ ಕಾಯ್ದೆಯ ಪ್ರಕಾರ ಅಪರಾಧ.

ತರುವಾಗ ಹೂವಿನ ನಡುವೆ ಇಣುಕಿ ನೋಡಿ. ಕೆಲವು ಗಿಡಗಳಲ್ಲಿ ಗುಂಡುಪಿನ್ನಿನ ತಲೆಯಂಥ ಶಲಾಕೆಯ (ಹೆಣ್ಣು ಭಾಗದ) ತುದಿ ಕಾಣುತ್ತದೆ, ಕೆಲವದರಲ್ಲಿ ಪರಾಗ ಹೊತ್ತ ಕೇಸರಗಳ ಗೊಂಚಲು. ಎರಡೂ ಬಗೆ ಹತ್ತಿರದಲ್ಲಿದ್ದರೆ ಮಾತ್ರ ಬೀಜ ಚೆನ್ನಾಗಿ ಕಟ್ಟುತ್ತದೆ. ಇದನ್ನು ಕೂಲಂಕಷವಾಗಿ ಪರೀಕ್ಷಿಸಿ 1862ರಲ್ಲಿ ಬರೆದವರು ಚಾರ್ಲ್ಸ್ ಡಾರ್ವಿನ್. ಬೀಜವನ್ನು ಇರುವೆಗಳೇ ಹೊತ್ತು ಹರಡುತ್ತವೆ, ಹಾಗಾಗಿ ಮುಂದೆ ಅಲ್ಲಲ್ಲಿ ಮರಿಗಿಡ ಕಂಡರೆ ಕಳೆ ಅಂತ ಕಿತ್ತುಬಿಡಬೇಡಿ.

ಅಮ್ಮನಿಗೆ ಬೀಜ ಕಳಿಸಿ ಆಸೆ ಹುಟ್ಟಿಸಬೇಡಿ. ಒಣಗಿದ ಬೀಜ ಮೊಳೆಯಲು ಚಳಿಗಾಲದ ಥಂಡಿ ಬೇಕು. ಹೇಗೋ ಮೊಳೆತರೂ ಮೈಸೂರಿನ ಏಪ್ರಿಲ್ ಸೆಕೆ ತಡೆಯುವುದಿಲ್ಲ. ಅವರು ಸೆಪ್ಟೆಂಬರ್ ಕೊನೆಗೆ ಪ್ಯಾನ್ಸಿ ಬೀಜ ಹಾಕಲಿ, ಚಳಿಗಾಲದ ತಿಂಗಳುಗಳಲ್ಲಿ ಕುಂಡದ ತುಂಬ ಹೂ ಸಿಗುತ್ತದೆ.