ಹುಬ್ಬಳ್ಳಿಯಲ್ಲಿ ಕೂತು ದೂರದ ಊರುಗಳಲ್ಲಿರುವ ತಂಡ ನಡೆಸುವುದು ಹೇಗೆ?

ನಾಲ್ವರು ಹುಬ್ಬಳ್ಳಿ ಆಫೀಸಿನಲ್ಲಿ, ಒಬ್ಬರು ಗದಗದ ಮನೆಯಲ್ಲಿ, ಇಬ್ಬರು ಪುಣೆಯಲ್ಲಿ, ಗ್ರಾಹಕರು ಜರ್ಮನಿಯಲ್ಲಿ. ಮೀಟಿಂಗಿನಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ, ಕೆಲಸ ಮಾತ್ರ ಸಾಗುವುದಿಲ್ಲ, ಸ್ಕ್ರೀನ್ ಕಾಯುವ ಸಾಫ್ಟ್‌ವೇರ್ ಹಾಕಲೇ ಅಂತ ಕೇಳಿದ್ದೀರಿ. ಹಾಕಬೇಡ್ರಿ. ಮೌಸ್ ಅಲ್ಲಾಡಿದ್ದಷ್ಟೇ ಅದಕ್ಕೆ ಗೊತ್ತಾಗುತ್ತದೆ.

ನಾನೂ ಗೋಕುಲ ರೋಡಿನಲ್ಲಿ ಇಂಥದೇ ಒಂದು ತಂಡ ನೋಡಿಕೊಳ್ಳುತ್ತೇನೆ. ನನಗೆ ಅನುಮಾನ ಇರುವುದು ನಿಮ್ಮ ಆಫೀಸಿನ ಕೆಳಗಿನ ಚಹಾದಂಗಡಿ ಮೇಲೆ. ನಾಲ್ವರೂ ಅಲ್ಲಿ ನಿಂತು ‘ರಿಪೋರ್ಟ್ ಈ ವಾರ ಬ್ಯಾಡ, ಮೊದಲ ಲಾಗಿನ್ ಮುಗಸೋಣು’ ಅಂತ ತೀರ್ಮಾನಿಸಿ ಮೇಲೆ ಬರುತ್ತೀರಿ. ಗದಗದವರು ಅದೇ ರಿಪೋರ್ಟ್ ಹಿಡಿದು ಎರಡು ದಿನ ಕೂತಿರುತ್ತಾರೆ. ಎಂಜಿನಿಯರುಗಳ ಮೇಜುಗಳ ನಡುವೆ ಐವತ್ತು ಮೀಟರ್ ಅಂತರವಾದರೂ ಸಾಕು, ಮಾತುಕತೆ ತೀರಾ ಇಳಿದುಹೋಗುತ್ತದೆ ಎಂದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕ ಥಾಮಸ್ ಅಲೆನ್ 1970ರ ದಶಕದಲ್ಲೇ ತೋರಿಸಿದ್ದರು. ಆ ಲೆಕ್ಕಕ್ಕೆ ಗದಗವೂ ಒಂದೇ, ಪುಣೆಯೂ ಒಂದೇ.

ಹಾಗಾಗಿ ಚಹಾದ ಮುಂದೆ ಏನೇ ಠರಾಯಿಸಿದರೂ ಮೇಲೆ ಬಂದ ಕೂಡಲೇ ಬರೆದು ಹಾಕಿ: ‘ರಿಪೋರ್ಟ್ ಮುಂದಿನ ವಾರಕ್ಕೆ. ಗ್ರಾಹಕರು ಮೊದಲು ಲಾಗಿನ್ ನೋಡಬೇಕಂತೆ. ಅದನ್ನು ಪುಣೆಯವರು ಗುರುವಾರ ಮಧ್ಯಾಹ್ನದೊಳಗೆ ಕೊಡುತ್ತಾರೆ. ತಕರಾರಿದ್ದರೆ ಇವತ್ತು ಸಂಜೆಯೊಳಗೆ ಹೇಳಿ.’ ಕೊನೆಯ ಸಾಲು ಬಿಡಬೇಡಿ, ದೂರದವರಿಗೆ ಬಾಯಿ ಬರುವುದೇ ಅದರಿಂದ. ವಾಟ್ಸಾಪಿನಲ್ಲಿ ಹಾಕಿದರೆ ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ಹೂತುಹೋಗುತ್ತದೆ. ಎಲ್ಲರೂ ಹುಡುಕಿ ತೆಗೆಯಬಹುದಾದ ಒಂದೇ ಕಡತದಲ್ಲಿರಲಿ.

ಒಬ್ಬರೇ ಹೊರಗಿನಿಂದ ಮೀಟಿಂಗಿಗೆ ಸೇರಿದರೂ ಆಫೀಸಿನವರೆಲ್ಲ ಅವರವರ ಲ್ಯಾಪ್‌ಟಾಪು, ಹೆಡ್‌ಫೋನಿನಿಂದಲೇ ಸೇರಲಿ. ಒಂದೇ ರೂಮಿನಲ್ಲಿ ಹೀಗೆ ಕೂತರೆ ನಗು ಬರುತ್ತದೆ, ಬರಲಿ. ಮತ್ತೆ, ನಿಮ್ಮ ಅಭಿಪ್ರಾಯ ಕೊನೆಗೆ ಹೇಳಿ. ನಮ್ಮ ಕಡೆ ಹುಡುಗರು ದೊಡ್ಡವರು ಬಾಯಿಬಿಟ್ಟ ಮೇಲೆ ‘ಇಲ್ರಿ ಸರ್, ಅದು ಆಗಂಗಿಲ್ಲ’ ಅನ್ನುವುದು ಅಪರೂಪ. ಎಲ್ಲರಿಗಿಂತ ಚಿಕ್ಕವರನ್ನು ಮೊದಲು ಕೇಳಿ.

ಜರ್ಮನಿ ನಮಗಿಂತ ಚಳಿಗಾಲದಲ್ಲಿ ನಾಲ್ಕೂವರೆ ತಾಸು, ಬೇಸಿಗೆಯಲ್ಲಿ ಮೂರೂವರೆ ತಾಸು ಹಿಂದೆ. ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಬದಲಾಗುತ್ತದೆ. ಕ್ಯಾಲೆಂಡರಿನಲ್ಲಿ ಮೀಟಿಂಗನ್ನು ಅವರ ಸಮಯಕ್ಕೆ ಹಾಕಿಬಿಡಿ, ಇಲ್ಲಿ ತಾನಾಗಿ ಸರಿಯುತ್ತದೆ.

ಪುಣೆಯವರನ್ನು ಆಗಾಗ ಇಲ್ಲಿಗೆ ಕರೆಸಿ. 2024ರ ಸೆಪ್ಟೆಂಬರಿನಿಂದ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಕೂಡ ಇದೆ. ಗದಗದವರಿಗೂ ಅದೇ ದಿನ ಬರಲು ಹೇಳಿ. ಬಂದವರಿಗೆ ಪಿಪಿಟಿ ತೋರಿಸಿ ಕಳಿಸಬೇಡಿ. ಫೋನಿನಲ್ಲಿ ಬಗೆಹರಿಯದ ಒಂದು ಕಠಿಣ ಕೆಲಸ ತೆಗೆದಿಟ್ಟಿರಿ, ಎಲ್ಲರೂ ಒಂದೇ ಬೋರ್ಡಿನ ಮುಂದೆ ನಿಂತು ಮುಗಿಸಿ. ಆಮೇಲೆ ಖಾನಾವಳಿ.