ಬಿಸಿಲೇರಿದರೆ ಬಸ್‌ಬಾರ್‌ನಲ್ಲಿ ಕಿಡಿ ಯಾಕ್ರಿ?

ಪ್ರಶ್ನೆ: ಶಹಾಬಾದಿನಲ್ಲಿ ನಮ್ಮದು ಕಲ್ಲು ಪಾಲಿಶ್ ಶೆಡ್ಡು. ಕ್ರೇನಿಗೆ ಕರೆಂಟ್ ಕೊಡುವ 40 ಮೀಟರ್ ತಾಮ್ರದ ಬಸ್‌ಬಾರ್ ಚಳಿಗಾಲದಲ್ಲಿ ಹಾಕಿಸಿದೆವು. ಈಗ ಮಧ್ಯಾಹ್ನ ಒಂದೇ ಜಾಗದಲ್ಲಿ ಕಿಡಿ ಹಾರುತ್ತದೆ. ಏನು ಮಾಡೋಣ ಸರ್?

ಉತ್ತರ: ಮೊದಲು ಕ್ರೇನ್ ನಿಲ್ಲಿಸ್ರಿ. ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ಕ್ರೇನ್ ಕೆಲಸ ಮಾಡುತ್ತಲೇ ನನ್ನ ತಲೆ ಬೆಳ್ಳಗಾಯಿತು. ಇದನ್ನು ಬಹಳ ಸಲ ಕಂಡಿದ್ದೇನೆ. 30 ಡಿಗ್ರಿ ಬಿಸಿ ಏರಿದರೆ 40 ಮೀಟರ್ ತಾಮ್ರ ಸುಮಾರು 20 ಮಿಲಿಮೀಟರ್ ಹಿಗ್ಗುತ್ತದೆ. ಬಾರನ್ನು ಹಿಡಿದಿಡುವ ಎಲ್ಲ ಹ್ಯಾಂಗರ್ ಬಿಗಿದಿದ್ದರೆ ಅದು ಹೋಗಲು ಜಾಗವಿಲ್ಲದೆ ಬಾಗುತ್ತದೆ; ಬಾಗಿದ ಜಾಗದಲ್ಲಿ ಕ್ರೇನಿನ ಕಲೆಕ್ಟರ್ ಶೂ, ಅಂದರೆ ಬಾರಿಗೆ ಉಜ್ಜುತ್ತ ಕರೆಂಟ್ ತೆಗೆದುಕೊಳ್ಳುವ ತುಂಡು, ಸರಿಯಾಗಿ ತಾಗದೆ ಕಿಡಿ ಹಾರುತ್ತದೆ. ನಡುವೆ ಒಂದು ಕಡೆ ಮಾತ್ರ ಬಿಗಿ ಇರಲಿ, ಉಳಿದೆಡೆ ಬಾರ್ ಜಾರಬೇಕು.

ಕಲೆಕ್ಟರ್ ಶೂ ಬಿಚ್ಚಿ ನೋಡ್ರಿ. ಹೋದ ಬೇಸಿಗೆಯಲ್ಲಿ ನಾನು ಬಿಚ್ಚಿದ ಶೂ ಒಂದು ಅಂಚಿನಲ್ಲಿ ಚಾಕುವಿನಂತೆ ಸವೆದಿತ್ತು, ಸ್ಪ್ರಿಂಗಿನೊಳಗೆ ಕಲ್ಲಿನ ಪುಡಿ ಗಟ್ಟಿಯಾಗಿ ಕೂತಿತ್ತು. ಒಣ ಬಟ್ಟೆಯಿಂದಲೇ ಒರೆಸ್ರಿ, ನೀರು ಬೇಡವೇ ಬೇಡ.

ಏಣಿ ಹತ್ತುವ ಮೊದಲು ಮೇನ್ ಆಫ್ ಮಾಡಿ ಕೀಲಿ ಹಾಕ್ರಿ; ಕೀಲಿಕೈ ಹತ್ತುವವನ ಕಿಸೆಯಲ್ಲೇ ಇರಲಿ. ಮೂರೂ ಫೇಸ್ ಪರೀಕ್ಷಿಸದೆ ಕೈ ಇಡಬೇಡ್ರಿ. ಕೆಳಗಿನಿಂದ ಯಾರೋ ಸ್ವಿಚ್ ಹಾಕಿ ನನ್ನ ಜೊತೆಗಾರನ ಅಂಗೈ ಸುಟ್ಟಿದ್ದು ಇನ್ನೂ ಕಣ್ಣ ಮುಂದಿದೆ.