ಓದುಗರ ಪ್ರಶ್ನೆ, ನಮ್ಮ ಉತ್ತರ: ಮ್ಯಾನುಸ್ಕ್ರಿಪ್ಟ್ ಮತ್ತು ಹಸ್ತಪ್ರತಿ

ಪ್ರಶ್ನೆ: 'ಮ್ಯಾನುಸ್ಕ್ರಿಪ್ಟ್' ಪದದ ಮೂಲ ಯಾವುದು? ಅದರಲ್ಲಿರುವ 'ಮನು'ವಿಗೂ ನಮ್ಮ ಮನು, ಮನುಷ್ಯ ಪದಗಳಿಗೂ ನಂಟಿದೆಯೆ?

ಉತ್ತರ: ನಂಟಿಲ್ಲ, ಕಿವಿಗೆ ಒಂದೇ ಥರ ಕೇಳಿಸುತ್ತದೆ ಅಷ್ಟೆ. ಲ್ಯಾಟಿನ್ನಿನಲ್ಲಿ 'ಮನುಸ್' ಎಂದರೆ ಕೈ, 'ಸ್ಕ್ರೀಬೆರೆ' ಎಂದರೆ ಬರೆಯುವುದು. 'ಮನೂ ಸ್ಕ್ರಿಪ್ಟುಸ್' ಅಂದರೆ ಕೈಯಿಂದ ಬರೆದದ್ದು. ನಮ್ಮ ತೃತೀಯಾ ವಿಭಕ್ತಿ ಮಾಡುವ ಕೆಲಸವನ್ನು ಅಲ್ಲಿ 'ಮನೂ' ಎಂಬ ರೂಪ ಮಾಡುತ್ತದೆ. ಮುಂದೆ ಎರಡೂ ಬೆಸೆದು 'ಮನುಸ್ಕ್ರಿಪ್ಟುಮ್' ಆಯಿತು. ಇಂಗ್ಲಿಷಿಗೆ ಬಂದದ್ದು 16ನೇ ಶತಮಾನದ ಕೊನೆಯಲ್ಲಿ.

ಈ ಕಾಲವೇ ಪದದ ಗುಟ್ಟು. ಪ್ರಾಚೀನ ರೋಮಿನಲ್ಲಿ ಪುಸ್ತಕಗಳೆಲ್ಲ ಕೈಬರಹದವೇ ಆಗಿದ್ದರಿಂದ ಅವರಿಗೆ 'ಲಿಬೆರ್', 'ಕೋಡೆಕ್ಸ್' ಎಂಬ ಮಾತುಗಳೇ ಸಾಕಾಗಿದ್ದವು. 1455ರ ಸುಮಾರಿಗೆ ಗುಟೆನ್‌ಬರ್ಗ್‌ನ ಬೈಬಲ್ ಅಚ್ಚಾಗಿ, ಮುದ್ರಿತ ಪುಸ್ತಕ ಎಲ್ಲೆಡೆ ಹಬ್ಬಿದ ಮೇಲೆ 'ಇದು ಅಚ್ಚಿನದಲ್ಲ' ಎಂದು ಬೇರ್ಪಡಿಸಿ ಹೇಳುವ ಅಗತ್ಯ ಬಿತ್ತು. ಮೊಬೈಲ್ ಬರುವ ತನಕ ಮನೆಯ ಫೋನನ್ನು ಯಾರೂ 'ಲ್ಯಾಂಡ್‌ಲೈನ್' ಅನ್ನುತ್ತಿರಲಿಲ್ಲವಲ್ಲ, ಹಾಗೆ.

'ಮ್ಯಾನುಯಲ್', 'ಮ್ಯಾನುಫ್ಯಾಕ್ಚರ್' ಕೂಡ ಇದೇ ಕೈಯಿಂದ ಹುಟ್ಟಿದ ಪದಗಳು. ಎರಡನೆಯದು ಮೊದಲು ಕೈಕೆಲಸವನ್ನು ಸೂಚಿಸುತ್ತಿತ್ತು, ಈಗ ಕಾರ್ಖಾನೆಯ ಉತ್ಪಾದನೆಗೆ ಸಲ್ಲುತ್ತದೆ. 'ಸ್ಕ್ರೀಬೆರೆ'ಯ ಹಳೆಯ ಅರ್ಥ ಗೀರುವುದು, ಕೊರೆಯುವುದು. ಸಂಸ್ಕೃತದ 'ಲಿಖ್' ಧಾತುವಿಗೂ ಆ ಅರ್ಥವಿದೆ. ಆ ಲೆಕ್ಕದಲ್ಲಿ ಶಾಯಿಯ ಬರಹಕ್ಕಿಂತ ಕಂಠದಿಂದ, ಅಂದರೆ ಮೊನಚಾದ ಲೋಹದ ಲೇಖನಿಯಿಂದ, ಕೊರೆದ ಓಲೆಗರಿಗೇ ಈ ಪದ ಹೆಚ್ಚು ಒಪ್ಪುತ್ತದೆ.

ಪ್ರಶ್ನೆ: ಹಸ್ತಪ್ರತಿ ಎಂದರೆ ಕವಿ ತನ್ನ ಕೈಯಾರೆ ಬರೆದದ್ದೇ? ಓಲೆಗರಿ, ಕಡತ, ಮಾತೃಕೆ ಎಲ್ಲವೂ ಒಂದೆಯೆ?

ಉತ್ತರ: ಅಲ್ಲ. 'ಪ್ರತಿ' ಅಂದರೇ ನಕಲು. ಕವಿಯ ಕೈಯದೇ ಆದರೆ ಅದು ಸ್ವಹಸ್ತಪ್ರತಿ, ಪ್ರಾಚೀನರ ವಿಷಯದಲ್ಲಿ ಅದು ಸಿಗುವುದು ಬಹಳ ಅಪರೂಪ. ನಮ್ಮ ಕೈಗೆ ಬರುವುದು ಸಾಮಾನ್ಯವಾಗಿ ನಕಲಿನ ನಕಲು. ಯಾವುದನ್ನು ಎದುರಿಗಿಟ್ಟುಕೊಂಡು ಪ್ರತಿ ಮಾಡಿದರೋ ಅದು ಮಾತೃಕೆ. ಓಲೆಗರಿ, ಕಡತ ಎಂಬವು ಬರೆದ ವಸ್ತುವಿನ ಹೆಸರುಗಳು: ಓಲೆ ತಾಳೆಯದೋ ಶ್ರೀತಾಳೆಯದೋ ಗರಿ, ಕಡತ ಎಂದರೆ ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಕಪ್ಪು ಪುಸ್ತಕ. ಅದರ ಹೆಸರು ಈಗ ಕಚೇರಿಯ ಫೈಲಿಗೆ ಅಂಟಿಕೊಂಡಿದೆ. ಗರಿಗಳನ್ನು ದಾರಕ್ಕೆ ಪೋಣಿಸಿದ್ದರಿಂದ 'ಗ್ರಂಥ' ಎಂಬ ವಿವರಣೆ ಜನಪ್ರಿಯ. ಮಾತುಗಳನ್ನು ಪೋಣಿಸಿದ್ದು ಎಂದರೂ ಅರ್ಥ ಅಷ್ಟೇ ಚೆನ್ನಾಗಿ ಕೂರುವುದರಿಂದ ದಾರದ ಕಥೆಗೆ ಹೆಚ್ಚು ಜೋತುಬೀಳಬೇಕಿಲ್ಲ.

ಪ್ರಶ್ನೆ: ಒಂದೇ ಕಾವ್ಯದ ಎರಡು ಪ್ರತಿಗಳಲ್ಲಿ ಪಾಠ, ಅಂದರೆ ಬರೆದಿರುವ ಮಾತುಗಳು, ಬೇರೆ ಬೇರೆ ಇರುವುದೇಕೆ? ಹೆಚ್ಚು ಪ್ರತಿಗಳಲ್ಲಿ ಇರುವುದನ್ನೇ ಸರಿ ಎನ್ನಬಹುದಲ್ಲವೆ?

ಉತ್ತರ: ತಪ್ಪುಗಳು ಹುಟ್ಟುವುದು ಬಹುಪಾಲು ಕಣ್ಣಿನಿಂದ. ಮಾತೃಕೆಯಲ್ಲಿ ಹೀಗಿದೆ ಎಂದುಕೊಳ್ಳಿ: 'ಅರಸನು ಮಂತ್ರಿಯನ್ನು ಕರೆಸಿದನು ಮಂತ್ರಿಯು ಸೇನಾಪತಿಯನ್ನು ಕರೆಸಿದನು ಸೇನಾಪತಿಯು ಕೋಟೆಗೆ ಹೊರಟನು.' ಲಿಪಿಕಾರ ಮೊದಲ 'ಕರೆಸಿದನು' ಬರೆದು ಮತ್ತೆ ಮಾತೃಕೆಯತ್ತ ನೋಡಿದಾಗ ಕಣ್ಣು ಎರಡನೆಯ 'ಕರೆಸಿದನು' ಮೇಲೆ ಬಿದ್ದರೆ, ಪ್ರತಿಯಲ್ಲಿ ಉಳಿಯುವುದು 'ಅರಸನು ಮಂತ್ರಿಯನ್ನು ಕರೆಸಿದನು ಸೇನಾಪತಿಯು ಕೋಟೆಗೆ ಹೊರಟನು.' ನಡುವಿನ ವಾಕ್ಯ ಮಾಯ. ಆದರೂ ಅರ್ಥ ಸರಾಗವಾಗಿ ಓಡುವುದರಿಂದ ಮುಂದಿನವರಿಗೆ ಸಂಶಯವೇ ಬರುವುದಿಲ್ಲ. ಕಣ್ಣು ಹಿಂದಕ್ಕೆ ಜಾರಿದರೆ ಇದರ ತಿರುಗುಮುರುಗು: ಬರೆದದ್ದನ್ನೇ ಮತ್ತೆ ಬರೆಯುತ್ತಾನೆ.

ಲಿಪಿಯದೂ ಪಾಲಿದೆ. ಹಳೆಯ ಕನ್ನಡ ಓಲೆಗಳಲ್ಲಿ ಪದಗಳ ನಡುವೆ ತೆರಪಿಲ್ಲ. ಎ ಏ, ಒ ಓ ಎಂಬ ಹ್ರಸ್ವದೀರ್ಘಗಳನ್ನು ಬೇರೆ ಮಾಡಿ ತೋರಿಸುವುದಿಲ್ಲವಾದ್ದರಿಂದ 'ಕೊಡು', 'ಕೋಡು' ಎರಡೂ ಒಂದೇ ರೂಪದಲ್ಲಿರುತ್ತವೆ. ಪ ವ, ದ ಧ ಅಕ್ಷರಗಳು ಸಣ್ಣ ಗೀರೊಂದು ಮಾಸಿದರೂ ಅದಲುಬದಲಾಗುತ್ತವೆ.

ಪದ್ಯವಾದರೆ ಛಂದಸ್ಸೇ ಕಾವಲು. ಕಂದಪದ್ಯದ ಒಂದು ಮತ್ತು ಮೂರನೆಯ ಪಾದಗಳಲ್ಲಿ 12 ಮಾತ್ರೆ, ಎರಡು ಮತ್ತು ನಾಲ್ಕರಲ್ಲಿ 20. ಅಕ್ಷರ ಬಿದ್ದುಹೋದರೆ ಎಣಿಸಿದ ಕೂಡಲೇ ಗೊತ್ತಾಗುತ್ತದೆ. ಎರಡನೆಯ ಅಕ್ಷರದ ಪ್ರಾಸ ಕೆಟ್ಟಿದ್ದರೂ ಅಲ್ಲಿ ಏನೋ ನಡೆದಿದೆ ಎಂದರ್ಥ. ಗದ್ಯಕ್ಕೆ ಈ ರಕ್ಷಣೆ ಇಲ್ಲ, ಅದಕ್ಕೇ ಗದ್ಯಕೃತಿಗಳ ಸಂಪಾದನೆ ಹೆಚ್ಚು ತಲೆನೋವು.

ಬಹುಮತ ನೆಚ್ಚಿಕೊಳ್ಳುವಂಥದ್ದಲ್ಲ. ಹತ್ತು ಪ್ರತಿಗಳು ಒಂದೇ ದೋಷಪೂರ್ಣ ಮಾತೃಕೆಯಿಂದ ಇಳಿದಿದ್ದರೆ ಆ ಹತ್ತರ ಸಾಕ್ಷ್ಯ ಒಂದೇ ಸಾಕ್ಷ್ಯ. ಆದ್ದರಿಂದ ಸಂಪಾದಕರು ಮೊದಲು ಸಮಾನ ಸ್ಖಾಲಿತ್ಯಗಳನ್ನು ಹುಡುಕುತ್ತಾರೆ: ಒಂದೇ ಜಾಗದಲ್ಲಿ ಒಂದೇ ತಪ್ಪಿದ್ದರೆ ಆ ಪ್ರತಿಗಳು ಒಂದೇ ವಂಶದವು. ಎರಡು ಪಾಠಗಳಲ್ಲಿ ಒಂದು ಸುಲಭ, ಇನ್ನೊಂದು ಕಠಿಣವಾಗಿದ್ದರೆ ಸಾಮಾನ್ಯವಾಗಿ ಕಠಿಣವಾದದ್ದೇ ಹಳೆಯದು, ಏಕೆಂದರೆ ಅರ್ಥವಾಗದ ಪದವನ್ನು ಲಿಪಿಕಾರ ಸರಳ ಮಾಡುತ್ತಾನೆಯೇ ಹೊರತು ಸರಳವಾದದ್ದನ್ನು ತೊಡಕು ಮಾಡುವುದಿಲ್ಲ. ಆದರೆ ಅರ್ಥವೇ ಇಲ್ಲದ ಪಾಠವನ್ನು 'ಕಠಿಣ' ಎಂದು ಎತ್ತಿಹಿಡಿಯುವ ಚಪಲವೂ ಉಂಟು, ಅದು ಬೇಡ. ಲಿಪಿಕಾರರಂತೂ 'ಯಾದೃಶಂ ಪುಸ್ತಕಂ ದೃಷ್ಟಂ ತಾದೃಶಂ ಲಿಖಿತಂ ಮಯಾ' ಎಂದು, ಕಂಡ ಹಾಗೆ ಬರೆದಿದ್ದೇನೆ ನನ್ನ ಮೇಲೆ ತಪ್ಪು ಹೊರಿಸಬೇಡಿ ಎಂದು, ಕೊನೆಯಲ್ಲಿ ಕೈ ತೊಳೆದುಕೊಂಡಿರುತ್ತಾರೆ.

ಪ್ರಶ್ನೆ: ಪ್ರತಿಯ ಕೊನೆಯಲ್ಲಿ 'ಕೀಲಕ ಸಂವತ್ಸರ' ಎಂದಿದೆ. ಇಸವಿ ಹೇಗೆ ತಿಳಿಯುವುದು?

ಉತ್ತರ: ಸಂವತ್ಸರವೊಂದರಿಂದಲೇ ಆಗದು, ಅದು 60 ವರ್ಷಕ್ಕೊಮ್ಮೆ ಮರಳುತ್ತದೆ. ಜೊತೆಗೆ ಶಕವರ್ಷ ಇದೆಯೇ ನೋಡಿ. ಶಕ 1650 ಇದ್ದರೆ 78 ಕೂಡಿಸಿ, 1728 ಬರುತ್ತದೆ, ಅದು ಕೀಲಕವೇ. ಪುಷ್ಯದಿಂದ ಫಾಲ್ಗುಣದ ತನಕದ ತಿಥಿಯಾದರೆ ಇಸವಿ ಆಗಲೇ ಬದಲಾಗಿರಬಹುದು, 79 ಕೂಡಿಸಬೇಕಾಗಬಹುದು. ಶಕವೂ ಸಂವತ್ಸರವೂ ತಾಳೆಯಾಗದಿದ್ದರೆ ವಾರ, ತಿಥಿಗಳನ್ನೂ ಪರೀಕ್ಷಿಸಿ. ಇನ್ನೊಂದು ಎಚ್ಚರ: ಮಾತೃಕೆಯ ತಾರೀಖನ್ನೇ ಲಿಪಿಕಾರ ಹಾಗೇ ಇಳಿಸಿಕೊಂಡಿರಬಹುದು.

ಪ್ರಶ್ನೆ: ಓಲೆಗರಿಯ ಕಟ್ಟೊಂದಿದೆ, ಅಕ್ಷರ ಕಾಣುತ್ತಿಲ್ಲ. ತೊಳೆಯಬಹುದೆ?

ಉತ್ತರ: ಬೇಡವೇ ಬೇಡ. ನೀರು ತಾಗಿದರೆ ಗರಿ ಉಬ್ಬಿ, ಒಣಗುವಾಗ ಸೊಟ್ಟಗಾಗುತ್ತದೆ. ಶಾಯಿಯಲ್ಲಿ ಬರೆದದ್ದಾದರೆ ಬರಹವೇ ಹೋಗಬಹುದು. ಕಟ್ಟು ಬಿಚ್ಚುವ ಮೊದಲು ಇದ್ದ ಹಾಗೇ ಫೋಟೊ ತೆಗೆಯಿರಿ, ಗರಿಗಳ ಕ್ರಮ ತಪ್ಪಿದರೆ ಮತ್ತೆ ಜೋಡಿಸುವುದು ಕಷ್ಟ. ಹಳೆಯ ಗರಿಗೆ ಬಾಗುವ ಗುಣ ಇರುವುದಿಲ್ಲ, ಪುಟ ತಿರುವಿದಂತೆ ತಿರುವಬೇಡಿ. ಎರಡೂ ಕೈಯಲ್ಲಿ ಹಿಡಿದು ಮಗುಚಿ. ಧೂಳನ್ನು ಮೆತ್ತನೆಯ ಕುಂಚದಿಂದ ನಾರಿನ ಉದ್ದಕ್ಕೆ ಒರೆಸಬೇಕು, ಅಡ್ಡಕ್ಕಲ್ಲ.

ಓದಲು ಮೊದಲು ಬೆಳಕಿನಿಂದ ಪ್ರಯತ್ನಿಸಿ: ಕೋಣೆ ಕತ್ತಲು ಮಾಡಿ, ಟಾರ್ಚನ್ನು ಗರಿಯ ಮಟ್ಟಕ್ಕೇ ಮಲಗಿಸಿ ಒಂದು ಬದಿಯಿಂದ ಬಿಡಿ. ಕೊರೆದ ಗೀರುಗಳಲ್ಲಿ ನೆರಳು ತುಂಬಿ ಅಕ್ಷರ ಎದ್ದು ಕಾಣುತ್ತದೆ. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಸವರಿ ಒರೆಸುವುದು ಹಳೆಯ ಕ್ರಮ, ಆದರೆ ಅದು ಕೊರೆದ ಬರಹಕ್ಕೆ, ಅದೂ ಗಟ್ಟಿಯಾದ ಗರಿಗೆ ಮಾತ್ರ. ಬಿರುಕು, ಹುಳುತೂತು ಇದ್ದರೆ ಮಸಿ ಅಲ್ಲೆಲ್ಲ ಇಳಿದು ಇನ್ನಷ್ಟು ಕೆಡುತ್ತದೆ. ಅಂಟಿಕೊಂಡ ಗರಿಗಳನ್ನು ಚಾಕುವಿನಿಂದ ಎಬ್ಬಿಸಬೇಡಿ, ಅದು ಸಂರಕ್ಷಣೆ ಬಲ್ಲವರ ಕೆಲಸ. ಸೆಲೋಟೇಪು, ಲ್ಯಾಮಿನೇಶನ್ ಎರಡೂ ಶಾಶ್ವತ ಹಾನಿ.

ಪ್ರಶ್ನೆ: ಕಂಪ್ಯೂಟರಿನಲ್ಲಿ ಬೆರಳಚ್ಚಿಸಿದ್ದನ್ನೂ ಪ್ರಕಾಶಕರು 'ಮ್ಯಾನುಸ್ಕ್ರಿಪ್ಟ್' ಅನ್ನುವುದು ಸರಿಯೆ?

ಉತ್ತರ: ಸರಿ. ಅಚ್ಚಾಗುವ ಮುನ್ನ ಕೃತಿ ಇರುವ ರೂಪ ಎಂಬ ಅರ್ಥವೇ ಅಲ್ಲಿ ಮುಖ್ಯವಾಗಿ, ಕೈ ಹಿಂದೆ ಸರಿದಿದೆ. ಬೆರಳಚ್ಚು ಯಂತ್ರದ ಕಾಲದಲ್ಲಿ 'ಟೈಪ್‌ಸ್ಕ್ರಿಪ್ಟ್' ಎಂಬ ಪದ ಹುಟ್ಟಿದರೂ ಹಳೆಯದನ್ನು ಓಡಿಸಲಾಗಲಿಲ್ಲ. ಸಂಕ್ಷೇಪ 'ಎಂಎಸ್', ಬಹುವಚನಕ್ಕೆ 'ಎಂಎಸ್‌ಎಸ್'. ಕೊನೆಯ ಅಕ್ಷರವನ್ನು ಇಮ್ಮಡಿಸಿ ಬಹುವಚನ ಮಾಡುವುದು ಲ್ಯಾಟಿನ್ ಪದ್ಧತಿ. ಕಳುಹಿಸುವಾಗ ಯುನಿಕೋಡ್‌ನಲ್ಲೇ ಕಳುಹಿಸಿ. ಹಳೆಯ ನುಡಿ, ಬರಹ ಫಾಂಟುಗಳ ಕಡತವನ್ನು ಪರಿವರ್ತಿಸಿದ್ದರೆ ಒತ್ತಕ್ಷರ, ಅರ್ಕಾವತ್ತುಗಳನ್ನು ಮತ್ತೊಮ್ಮೆ ನೋಡಿ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತವನ್ನೇ ಬಳಸುವುದರಿಂದ, ನಡುವೆ ಇಂಗ್ಲಿಷ್ ಪದವಿದ್ದರೆ ಪರಿವರ್ತನೆಯಲ್ಲಿ ಅದು ಅರ್ಥವಿಲ್ಲದ ಕನ್ನಡವಾಗಿ ಬರುತ್ತದೆ.